ಕೈಯಿಲ್ಲದ ಚುಕ್ಕಾಣಿಗ

ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿಯ ಚೀಲಗಳು ಚಕ್ಕಡಿಗಳಲ್ಲಿ ಬರುತ್ತಿದ್ದ ಕಾಲದಲ್ಲಿ, ರಾತ್ರಿಯ ದಾರಿಯಲ್ಲಿ ಚಕ್ಕಡಿ ಹೊಡೆಯುವವನು ಎಚ್ಚರವಾಗಿಯೇ ಇರಬೇಕೆಂಬ ನಿಯಮವೇನೂ ಇರಲಿಲ್ಲ. ದಾರಿಯ ಗುರುತು ಎತ್ತುಗಳಿಗಿತ್ತು. ಚೀಲಗಳ ಮೇಲೆ ಕಂಬಳಿ ಹೊದ್ದು ಮಲಗಿದವನನ್ನು ಬೆಳಗಿನ ಜಾವದಲ್ಲಿ ಎಬ್ಬಿಸುತ್ತಿದ್ದುದು ಪೇಟೆಯ ಗದ್ದಲವೇ.

ಹಾಯಿದೋಣಿಯಲ್ಲಿ ಒಬ್ಬಂಟಿಯಾಗಿ ಕಡಲು ದಾಟುವವನಿಗೂ ಇಂಥ ಒಂದು ಜೋಡಿ ಎತ್ತು ಬೇಕು. ತಿಂಗಳುಗಟ್ಟಲೆ ನೆಲ ಕಾಣದ ಪ್ರಯಾಣ. ಅವನು ಉಣ್ಣಬೇಕು, ನಿದ್ರಿಸಬೇಕು, ಹರಿದ ಹಾಯಿಯನ್ನು ಹೊಲಿಯಬೇಕು. ಅಷ್ಟು ಹೊತ್ತು ಚುಕ್ಕಾಣಿಯನ್ನು ಹಿಡಿಯುವವರು ಯಾರು? ಈ ಪ್ರಶ್ನೆಗೆ ಉತ್ತರವಾಗಿ ಬಂದ ಯಂತ್ರವನ್ನೇ ನಾವಿಕರು ಆಟೋಪೈಲಟ್ ಎನ್ನುತ್ತಾರೆ. ಕೈಯಿಲ್ಲದ ಈ ಚುಕ್ಕಾಣಿಗನು ನಡುಗಡಲಲ್ಲಿ ಕೆಟ್ಟು ಕುಳಿತರೆ ಕೇಡೆಲ್ಲಿದೆಯೆಂದು ಹುಡುಕುವ ಬಗೆ ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ವರದೆ ತುಂಗಭದ್ರೆಯರ ನಡುವಣ ವಾಚಕರು ಕೇಳಬಹುದು: ಹಾವೇರಿಗೂ ಕಡಲಿಗೂ ಎಲ್ಲಿಯ ನಂಟು? ನಂಟು ಒಂದು ಹೊಳೆಯ ಹೆಸರಿನಲ್ಲಿದೆ. ಖಾನಾಪುರ ತಾಲೂಕಿನಲ್ಲಿ ಹುಟ್ಟಿ, ಗೋವೆಯಲ್ಲಿ ಮಾಂಡವಿಯೆನಿಸಿ ಕಡಲು ಸೇರುವ ಮಹದಾಯಿಯನ್ನು ನೀರಿನ ವ್ಯಾಜ್ಯದ ದೆಸೆಯಿಂದ ನಮ್ಮ ಕಡೆ ಅರಿಯದವರಿಲ್ಲ. ಅದೇ ಹೆಸರನ್ನು ಹೊತ್ತ ‘ಮ್ಹಾದೇಯಿ’ ಎಂಬ ೫೬ ಅಡಿಯ ಹಾಯಿನೌಕೆ ಆ ಹೊಳೆಯ ನಡುವಣ ದಿವಾರ್ ದ್ವೀಪದಲ್ಲಿ, ರತ್ನಾಕರ ದಾಂಡೇಕರರ ಕಾರ್ಖಾನೆಯಲ್ಲಿ ಸಿದ್ಧವಾಯಿತು. ೨೦೦೯-೧೦ರಲ್ಲಿ ನೌಕಾದಳದ ದಿಲೀಪ ದೊಂದೆಯವರು ಅದರಲ್ಲಿ ನಾಲ್ಕೆಡೆ ತಂಗಿ, ಒಬ್ಬರೇ ಭೂಮಿಯನ್ನು ಸುತ್ತಿ ಬಂದರು. ಭಾರತೀಯರಲ್ಲಿ ಅವರೇ ಮೊದಲಿಗರು. ೨೦೧೨ರ ನವೆಂಬರ್ ೧ರಂದು ಅದೇ ನೌಕೆಯಲ್ಲಿ ಮುಂಬಯಿಯನ್ನು ಬಿಟ್ಟ ಅಭಿಲಾಷ್ ಟೋಮಿಯವರು ಎಲ್ಲಿಯೂ ನಿಲ್ಲದೆ ಮುಂದಿನ ಮಾರ್ಚ್ ೩೧ರಂದು ಮರಳಿದರು.

ಅಲ್ಲಿಯೇ ಹುಟ್ಟಿದ ತಂಗಿನೌಕೆ ‘ತಾರಿಣಿ’. ೨೦೧೭ರ ಸೆಪ್ಟೆಂಬರ್ ೧೦ರಂದು ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ನೌಕಾದಳದ ಆರು ಮಂದಿ ಮಹಿಳೆಯರು ಅದರಲ್ಲಿ ಗೋವೆಯಿಂದ ಹೊರಟರು. ಕೇಪ್ ಹಾರ್ನ್ ಭೂಶಿರವನ್ನೂ ದಕ್ಷಿಣ ಸಾಗರದ ಚಳಿಯನ್ನೂ ದಾಟಿದ್ದ ಆ ನೌಕೆ, ಇನ್ನೇನು ತವರಿನ ಕಡಲು ಬಂತೆನ್ನುವಾಗ ಚುಕ್ಕಾಣಿಯ ಯಂತ್ರ ಕೆಟ್ಟು, ೨೦೧೮ರ ಏಪ್ರಿಲ್‌ನಲ್ಲಿ ಮಾರಿಷಸ್‌ನ ಪೋರ್ಟ್ ಲೂಯಿ ಬಂದರನ್ನು ಹೊಗಬೇಕಾಯಿತು. ಎಣಿಕೆಯಲ್ಲಿಲ್ಲದ ತಂಗುದಾಣ ಅದು. ಮೇ ೨೧ರಂದು ಗೋವೆಗೆ ಮುಟ್ಟಿದಾಗ ಒಟ್ಟು ೨೫೪ ದಿನಗಳು ಕಳೆದಿದ್ದವು.

ದೋಣಿ ದಾರಿ ತಪ್ಪಿತೆಂದರೆ ಕೆಟ್ಟದ್ದು ಚುಕ್ಕಾಣಿಯೋ, ಅದನ್ನು ಹಿಡಿದ ಯಂತ್ರವೋ, ಅಥವಾ ಇವೆರಡೂ ಅಲ್ಲದ ಮೂರನೆಯದೋ? ಅನುಭವಿಗಳು ಮೊದಲು ಮಾಡುವ ಕೆಲಸ ಬಹಳ ಸರಳವಾದುದು. ಯಂತ್ರವನ್ನು ಬಿಡಿಸಿ ಚುಕ್ಕಾಣಿಯನ್ನು ತಾವೇ ಕೈಗೆ ತೆಗೆದುಕೊಳ್ಳುತ್ತಾರೆ. ಕೈಗೆ ಹಗುರವಾಗಿದ್ದರೆ ದೋಷ ಯಂತ್ರದಲ್ಲಿದೆ. ಎರಡು ಕೈಯಿಂದ ಜಗ್ಗಿದರೂ ದೋಣಿ ಒಂದು ಬದಿಗೇ ಎಳೆಯುತ್ತಿದ್ದರೆ ಬಹುಮಟ್ಟಿಗೆ ದೋಷ ಹಾಯಿಗಳ ಹೊಂದಾಣಿಕೆಯಲ್ಲಿದೆ. ಗಾಳಿ ಬಲಿತಾಗ ದೊಡ್ಡ ಹಾಯಿಯನ್ನು ಮಡಿಸಿ ಕಿರಿದು ಮಾಡದಿದ್ದರೆ, ದೋಣಿಯ ಮೂತಿ ಗಾಳಿ ಬರುವ ಕಡೆಗೇ ತಿರುಗಲು ಹಟ ಹಿಡಿಯುತ್ತದೆ. ಯಂತ್ರ ಪಾಪ, ಆ ಹಟದೊಡನೆ ಹಗಲಿರುಳೂ ಸೆಣಸಿ ಕೊನೆಗೆ ಸುಟ್ಟುಹೋಗುತ್ತದೆ. ಚಕ್ಕಡಿಯ ಹೇರು ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೇಳುತ್ತದೆ, ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹೇರನ್ನು ಸರಿಪಡಿಸದೆ ಬಾರುಕೋಲು ಬೀಸುವವನನ್ನು ನಮ್ಮ ಊರುಗಳಲ್ಲಿ ಯಾರೂ ಒಕ್ಕಲಿಗನೆನ್ನುವುದಿಲ್ಲ.

ಈ ಹೊಂದಾಣಿಕೆಯ ಮಹಿಮೆಯನ್ನು ಜೋಷುವಾ ಸ್ಲೋಕಮ್ ತೋರಿಸಿಕೊಟ್ಟಿದ್ದರು. ೧೮೯೫ರಿಂದ ೧೮೯೮ರವರೆಗೆ ಮೊತ್ತಮೊದಲು ಒಂಟಿಯಾಗಿ ಭೂಪ್ರದಕ್ಷಿಣೆ ಮಾಡಿದ ಆ ಮುದಿ ಕಪ್ತಾನನ ‘ಸ್ಪ್ರೇ’ ದೋಣಿಯಲ್ಲಿ ಯಂತ್ರವೇ ಇರಲಿಲ್ಲ. ಚುಕ್ಕಾಣಿಯನ್ನು ಹಗ್ಗದಿಂದ ಬಿಗಿದು ಬಿಟ್ಟರಾಯಿತು. ಹಿಂದೂ ಮಹಾಸಾಗರದಲ್ಲಿ ೨೩ ದಿನ, ಸುಮಾರು ೨,೭೦೦ ಮೈಲಿ ನಡೆದಾಗ ಅವನು ಚುಕ್ಕಾಣಿಯ ಬಳಿ ನಿಂತದ್ದು ಒಟ್ಟು ಮೂರು ಗಂಟೆಗಿಂತ ಹೆಚ್ಚಲ್ಲವೆಂದು ತಾನೇ ಬರೆದಿದ್ದಾನೆ. ತುಂಗಭದ್ರೆಯ ಹರಿಗೋಲನ್ನು ಹತ್ತಿದವರಿಗೆ ಇದು ಸೋಜಿಗವೆನಿಸೀತು. ಹರಿಗೋಲಿಗೆ ಹಿಂದು ಮುಂದೆಂಬುದಿಲ್ಲ. ಹುಟ್ಟು ನಿಂತೊಡನೆ ಗಿರ್ರನೆ ತಿರುಗುತ್ತದೆ. ಕೆಳಗೆ ನೀಳವಾದ ಅಡಿಮರವುಳ್ಳ ಹಾಯಿದೋಣಿಗೆ ಮಾತ್ರ, ಹಾಯಿಗಳು ಹದವಾಗಿದ್ದರೆ, ನೆಟ್ಟಗೆ ನಡೆಯುವುದೇ ಸ್ವಭಾವ.

ಇನ್ನು ದೋಷ ಯಂತ್ರದ್ದೇ ಎಂದಾದರೆ? ಅದರ ಒಳಗೆ ನಾಲ್ವರು ಆಳುಗಳಿದ್ದಾರೆಂದು ತಿಳಿಯಿರಿ: ದಿಕ್ಕನ್ನು ಹೇಳುವ ದಿಕ್ಸೂಚಿ, ಲೆಕ್ಕ ಹಾಕುವ ಪೆಟ್ಟಿಗೆ, ಚುಕ್ಕಾಣಿಯನ್ನು ನೂಕುವ ಮೋಟಾರು, ಚುಕ್ಕಾಣಿ ಎಷ್ಟು ಹೊರಳಿತೆಂದು ಪೆಟ್ಟಿಗೆಗೆ ವರದಿ ಒಪ್ಪಿಸುವ ಒಂದು ಪುಟ್ಟ ತೋಳು. ಒಬ್ಬ ಸುಳ್ಳು ಹೇಳಿದರೂ ದೋಣಿ ತಪ್ಪು ದಾರಿ ಹಿಡಿಯುತ್ತದೆ.

ರಾಣೆಬೆನ್ನೂರಿನ ಹೊಲಗಳಲ್ಲಿ ಪಂಪ್‌ಸೆಟ್ಟು ಏಳದಿದ್ದರೆ ರೈತನು ಮೋಟಾರನ್ನು ಬಿಚ್ಚುವ ಮೊದಲು ಕರೆಂಟು ಸರಿಯಾಗಿ ಬರುತ್ತಿದೆಯೇ ಎಂದು ನೋಡುತ್ತಾನೆ. ಕಡಲಿನಲ್ಲಿಯೂ ಅದೇ ಕ್ರಮ. ಬ್ಯಾಟರಿಯ ಬಳಿ ೧೨ ವೋಲ್ಟ್ ತೋರಿಸಿತೆಂದು ಸಮಾಧಾನ ಪಡುವಂತಿಲ್ಲ. ಮೋಟಾರು ದುಡಿಯುತ್ತಿರುವಾಗ ಮೋಟಾರಿನ ಬಾಯಲ್ಲಿಯೇ ಅಳೆಯಬೇಕು. ಉಪ್ಪುಗಾಳಿಗೆ ಹಸಿರುಗಟ್ಟಿದ ತಾಮ್ರದ ಬೆಸುಗೆ, ಉದ್ದವಾದ ತೆಳು ತಂತಿ, ಇವು ದಾರಿಯಲ್ಲೇ ಶಕ್ತಿಯನ್ನು ನುಂಗುತ್ತವೆ. ಯಂತ್ರವು ಶಾಂತ ಕಡಲಿನಲ್ಲಿ ಚೆನ್ನಾಗಿ ನಡೆದು, ಅಲೆಯೆದ್ದಾಗ ಮಾತ್ರ ಕೈಬಿಡುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ದಿಕ್ಸೂಚಿಯ ಕಾಯಿಲೆಗೆ ಮದ್ದು ಇನ್ನೂ ಸುಲಭ. ಅದರ ಪಕ್ಕದ ಗೂಡಿನಲ್ಲಿ ಯಾರಾದರೂ ಕಬ್ಬಿಣದ ಸಲಕರಣೆಯನ್ನೋ, ತಗಡಿನ ಡಬ್ಬಿಯನ್ನೋ, ರೇಡಿಯೋದ ಧ್ವನಿವರ್ಧಕವನ್ನೋ ಇಟ್ಟರೆ ಅದು ಉತ್ತರವನ್ನೇ ಮರೆಯುತ್ತದೆ. ಒಂದು ದಿಕ್ಕಿಗೆ ಸರಿಯಾಗಿ ನಡೆದು ಇನ್ನೊಂದು ದಿಕ್ಕಿಗೆ ತಪ್ಪುವ ದೋಣಿಯಲ್ಲಿ ಮೊದಲು ಹುಡುಕಬೇಕಾದುದು ಆ ಗೂಡನ್ನು. ದೋಣಿ ಎಡಬಲಕ್ಕೆ ಹಾವಿನಂತೆ ಒಂದೇ ತಾಳದಲ್ಲಿ ಹರಿದಾಡುತ್ತಿದ್ದರೆ ಬೇರೆಯ ಮಾತು: ವರದಿಯ ತೋಳಿನ ಕೀಲು ಸಡಿಲವಾಗಿರಬಹುದು, ಚುಕ್ಕಾಣಿಯ ತಂತಿಹಗ್ಗ ಜೋಲಾಡುತ್ತಿರಬಹುದು, ಅಥವಾ ಅಷ್ಟಿಷ್ಟಕ್ಕೆಲ್ಲ ಜೋರಾಗಿ ತಿರುಗಿಸುವಂತೆ ಪೆಟ್ಟಿಗೆಯನ್ನು ಅಳವಡಿಸಿರಬಹುದು. ಮೋಟಾರು ಗುರ್ರೆಂದು ತಿರುಗಿದರೂ ಚುಕ್ಕಾಣಿ ಕದಲದಿದ್ದರೆ ನಡುವಣ ಕೊಂಡಿ ಕಳಚಿದೆ. ಹಿಂದಿನಿಂದ ಅಲೆ ಬರುವಾಗ ಮಾತ್ರ ಆರೋಗ್ಯವಂತ ಯಂತ್ರವೂ ತಡವರಿಸುತ್ತದೆ. ಏಕೆಂದರೆ ಮನುಷ್ಯನು ಅಲೆಯನ್ನು ಬರುವ ಮುನ್ನವೇ ಅರಿಯುತ್ತಾನೆ, ಯಂತ್ರ ದೋಣಿ ಹೊರಳಿದ ಮೇಲೆ ಅರಿಯುತ್ತದೆ. ಆಗ ವೇಗವನ್ನು ತಗ್ಗಿಸಿ ತಾನೇ ಹಿಡಿಯುವುದು ಜಾಣತನ.

ವಿದ್ಯುತ್ತಿಲ್ಲದ ಇನ್ನೊಂದು ಬಗೆಯ ಸ್ವಯಂಚುಕ್ಕಾಣಿಯಿದೆ. ದೋಣಿಯ ಹಿಂಬದಿಯಲ್ಲಿ ತೆಳ್ಳನೆಯ ಗಾಳಿಹಲಗೆ. ದೋಣಿ ದಾರಿ ಬಿಟ್ಟರೆ ಗಾಳಿ ಅದರ ಮುಖಕ್ಕೆ ಹೊಡೆದು ಬಾಗಿಸುತ್ತದೆ. ಅದು ನೀರಿನೊಳಗಿನ ಕಿರುಹಲಗೆಯನ್ನು ಹೊರಳಿಸುತ್ತದೆ. ಹರಿಯುವ ನೀರು ಆ ಹಲಗೆಯನ್ನು ಪಕ್ಕಕ್ಕೆ ತಳ್ಳಿದಾಗ ಹಗ್ಗಗಳು ಚುಕ್ಕಾಣಿಯನ್ನು ಎಳೆಯುತ್ತವೆ. ಬಹು ಸೊಗಸಾದ ಉಪಾಯ. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ‘ಸುಹೈಲಿ’ಯಲ್ಲಿ ೧೯೬೮ರ ಜೂನ್ ೧೪ರಂದು ಇಂಗ್ಲೆಂಡಿನಿಂದ ಹೊರಟ ರಾಬಿನ್ ನಾಕ್ಸ್-ಜಾನ್‌ಸ್ಟನ್‌ಗೂ ಗಾಳಿಯಿಂದ ನಡೆಯುವ ಸ್ವಯಂಚುಕ್ಕಾಣಿಯಿತ್ತು. ಆಸ್ಟ್ರೇಲಿಯಾದ ಬಳಿ ಅದು ಮುರಿದುಹೋಯಿತು. ಆತ ಸ್ಲೋಕಮ್‌ನ ಹಾದಿಯನ್ನೇ ಹಿಡಿದು, ಹಾಯಿಗಳನ್ನು ತೂಗಿಸಿಕೊಂಡು, ೩೧೨ ದಿನಗಳ ತಡೆಯಿಲ್ಲದ ಪ್ರದಕ್ಷಿಣೆಯನ್ನು ಮುಗಿಸಿದ.

ಆ ಸಾಹಸದ ನೆನಪಿಗೆ ನಡೆಯುವ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ವಿದ್ಯುತ್ತಿನ ಆಟೋಪೈಲಟ್ ನಿಷಿದ್ಧ. ೨೦೧೮ರಲ್ಲಿ ಗೋವೆಯಲ್ಲೇ ಕಟ್ಟಿದ ‘ತುರೀಯ’ದಲ್ಲಿ ಟೋಮಿಯವರು ಹೊರಟರು. ಸೆಪ್ಟೆಂಬರ್ ೨೧ರ ಬಿರುಗಾಳಿಯಲ್ಲಿ ಹಾಯಿಕಂಬ ಮುರಿದು, ಬೆನ್ನೆಲುಬು ಜಖಂಗೊಂಡು, ಮೂರು ದಿನಗಳ ಮೇಲೆ ಫ್ರೆಂಚ್ ಹಡಗೊಂದು ಅವರನ್ನು ಎತ್ತಿಕೊಂಡಿತು. ಅಂಥವರು ೨೦೨೨ರ ಸೆಪ್ಟೆಂಬರ್ ೪ರಂದು ಫ್ರಾನ್ಸಿನ ಲೆ ಸಾಬ್ಲ್ ದೊಲೊನ್‌ನಿಂದ ‘ಬಯಾನಾತ್’ ದೋಣಿಯಲ್ಲಿ ಮತ್ತೆ ಹೊರಟರೆಂಬುದೇ ನಂಬಲು ಕಷ್ಟ. ಆ ಪಂದ್ಯದಲ್ಲಿ ಮುಂದಿದ್ದ ಸೈಮನ್ ಕರ್ವೆನ್ನರ ಸ್ವಯಂಚುಕ್ಕಾಣಿ ಮುರಿದು ಅವರು ದುರಸ್ತಿಗೆಂದು ಚಿಲಿಗೆ ಹೋಗಬೇಕಾಯಿತು. ಕಡೆಗೆ ಎಲ್ಲರಿಗಿಂತ ಮೊದಲು ದಡ ಮುಟ್ಟಿದರೂ, ಒಂದೆಡೆ ನಿಂತರೆಂಬ ಕಾರಣಕ್ಕೆ ಗೆಲುವು ಅವರದಾಗಲಿಲ್ಲ. ಟೋಮಿಯವರ ಗಾಳಿಯಂತ್ರವೂ ಮತ್ತೆ ಮತ್ತೆ ಕೈಕೊಟ್ಟಿತು. ನಡುಗಡಲಲ್ಲಿ ಅಂಗಡಿಯೆಲ್ಲಿ? ಅವರು ದೋಣಿಯ ಶೌಚಗೃಹದ ಬಾಗಿಲನ್ನೇ ಕಳಚಿ ದುರಸ್ತಿಗೆ ಹಲಗೆ ಮಾಡಿಕೊಂಡರು. ದಕ್ಷಿಣ ಆಫ್ರಿಕದ ಕರ್ಸ್ಟನ್ ನಾಯ್‌ಶೇಫರ್ ಎಂಬ ಮಹಿಳೆ ಮೊದಲಿಗಳಾಗಿ ಬಂದ ಎರಡು ದಿನಗಳ ಮೇಲೆ, ೨೦೨೩ರ ಏಪ್ರಿಲ್ ೨೯ರಂದು, ೨೩೬ ದಿನಗಳ ಪ್ರಯಾಣ ಮುಗಿಸಿ ಎರಡನೆಯವರಾಗಿ ಅವರು ದಡ ಸೇರಿದರು.