ಗಡಿಕಲ್ಲೇ ಜರುಗಿದರೆ ಅಳತೆ ಎಲ್ಲಿಂದ?

ಊರಲ್ಲಿ ಜಮೀನಿನ ಮಾತು ಬಂದರೆ ‘ಎಷ್ಟು ಗುಂಟೆ?’ ಅಂತ ಕೇಳ್ತೀವಲ್ಲ, ಆ ಗುಂಟೆಯನ್ನು ಅಳೆಯುವ ಸರಪಳಿಯಿಂದಲೇ ಇವತ್ತು ಶುರು ಮಾಡೋಣ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಎಡ್ಮಂಡ್ ಗಂಟರ್ ರೂಪಿಸಿದ ಸರಪಳಿ ಇದು: 66 ಅಡಿ ಉದ್ದ, 100 ಕೊಂಡಿ. ಉದ್ದ ಅರ್ಧ ಸರಪಳಿ, ಅಗಲ ಅರ್ಧ ಸರಪಳಿ, ಅಂದರೆ 33 ಅಡಿ ಚೌಕ ಇದ್ದರೆ ಸರಿಯಾಗಿ ಒಂದು ಗುಂಟೆ. ಅಂಥ 40 ಸೇರಿದರೆ ಒಂದು ಎಕರೆ.

ನಾವಿರುವ ಬೇ ಏರಿಯಾದ ಭೂಮಾಪನಕ್ಕೂ ಇದೇ ಸರಪಳಿ. 1851ರಲ್ಲಿ ಲಿಯಾಂಡರ್ ರಾನ್ಸಮ್ ಮೌಂಟ್ ಡಯಾಬ್ಲೊ ತುದಿಯಲ್ಲಿ ಮೂಲಬಿಂದು ಗುರುತಿಸಿದರು. ಅಲ್ಲಿಂದ ಉತ್ತರ-ದಕ್ಷಿಣಕ್ಕೆ ಒಂದು ಗೆರೆ, ಪೂರ್ವ-ಪಶ್ಚಿಮಕ್ಕೆ ಇನ್ನೊಂದು. ಅವುಗಳ ಆಧಾರದ ಮೇಲೆ ನೆಲವನ್ನು 6 ಮೈಲಿಯ ಚೌಕಗಳಾಗಿ ಹಂಚಿದರು. ಮೈಲಿಗೆ 80 ಸರಪಳಿ.

ಆದ್ರೆ ಬೆಟ್ಟ, ಕೊಲ್ಲಿ ದಾಟಿ ಸರಪಳಿ ಎಳೆಯೋದು ಹೇಗೆ? ಅದಕ್ಕೆ ತ್ರಿಕೋನ ಮಾಪನ. ಒಂದು ಆಧಾರರೇಖೆಯನ್ನು ಬಹಳ ಜೋಪಾನವಾಗಿ ಅಳೆಯಬೇಕು. ಅದರ ಎರಡೂ ತುದಿಯಿಂದ ದೂರದ ಶಿಖರವನ್ನು ನೋಡಿ ಕೋನ ಅಳೆದರೆ ಸಾಕು, ಉಳಿದ ಎರಡು ಬದಿ ಲೆಕ್ಕದಲ್ಲೇ ಸಿಗುತ್ತವೆ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದದ್ದು ಇದಕ್ಕೇ. ಕ್ಯಾಲಿಫೋರ್ನಿಯಾ ಕರಾವಳಿಯಲ್ಲೂ 1850ರ ದಶಕದಿಂದ ಶಿಖರದಿಂದ ಶಿಖರಕ್ಕೆ ಇಂಥ ತ್ರಿಕೋನಗಳ ಬಲೆ ಹಬ್ಬಿತು.

ಈ ಲೆಕ್ಕವೆಲ್ಲ ನಿಂತಿರೋದು ಒಂದೇ ನಂಬಿಕೆಯ ಮೇಲೆ: ಗುರುತು ಮಾಡಿದ ಕಲ್ಲು ಕದಲೋದಿಲ್ಲ.

1906ರ ಏಪ್ರಿಲ್ 18ರ ಭೂಕಂಪ ಆ ನಂಬಿಕೆಯನ್ನು ಅಲ್ಲಾಡಿಸಿತು. ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ, ಅಂದರೆ ನೆಲದೊಳಗಿನ ದೊಡ್ಡ ಬಿರುಕಿನ, ಎರಡು ಬದಿಗಳೂ ಜರುಗಿದವು. ಓಲೆಮಾ ಹತ್ತಿರ ಒಂದು ರಸ್ತೆ ತುಂಡಾಗಿ ಸುಮಾರು 20 ಅಡಿ ಸರಿಯಿತು. ಸರ್ವೇಯರುಗಳು ಹಳೇ ಬಿಂದುಗಳನ್ನು ಮತ್ತೆ ಅಳೆದರು. ಎಲ್ಲವೂ ಕದಲಿದ್ದರೆ ಯಾವುದನ್ನು ನಂಬೋದು? ಬಿರುಕಿನಿಂದ ದೂರವಿದ್ದ ಮೌಂಟ್ ಡಯಾಬ್ಲೊ ಮತ್ತು ಮೊಚೊ ಶಿಖರಗಳ ನಡುವಿನ ಗೆರೆಯನ್ನು ಸ್ಥಿರ ಅಂದುಕೊಂಡು ಲೆಕ್ಕ ಹಾಕಿದರು.

ಹ್ಯಾರಿ ಫೀಲ್ಡಿಂಗ್ ರೀಡ್ ಆ ಅಂಕಿಗಳನ್ನು ಹಳೆಯ ಅಳತೆಗಳ ಜೊತೆ ಇಟ್ಟು ನೋಡಿದರು. ಭೂಕಂಪಕ್ಕೆ ಮುಂಚಿನ 50 ವರ್ಷದಲ್ಲೇ ಬಿರುಕಿನ ಆಚೀಚಿನ ದೂರದ ಬಿಂದುಗಳು ಒಂದಕ್ಕೊಂದು ಹೋಲಿಸಿದರೆ ಸುಮಾರು 3.2 ಮೀಟರ್ ಸರಿದಿದ್ದವು! ಬಿದಿರುಕಡ್ಡಿ ಬಗ್ಗಿಸ್ತಾ ಹೋದರೆ ಕೊನೆಗೆ ಪಟ್ಟನೆ ಮುರಿದು ಎರಡು ತುಂಡೂ ನೆಟ್ಟಗಾಗುತ್ತವಲ್ಲ, ನೆಲವೂ ಹಾಗೇ ಅಂತ 1910ರಲ್ಲಿ ವಿವರಿಸಿದರು. ಭೂಕಂಪ ಯಾಕಾಗುತ್ತೆ ಅನ್ನೋದಕ್ಕೆ ಇವತ್ತಿಗೂ ಇದೇ ಬುನಾದಿ. ಕೊಟ್ಟದ್ದು ಯಾರು? ಗಡಿ, ನಕ್ಷೆ ಅಂತ ಕೋನ ಅಳೆದವರು.

ನಮ್ಮವರು ಬಹಳ ಮಂದಿ ಇರುವ ಫ್ರೀಮಾಂಟ್ ಊರಿನ ಕೆಳಗೇ ಇನ್ನೊಂದು ಬಿರುಕಿದೆ, ಹೇವರ್ಡ್ ಸ್ತರಭಂಗ. ಅಲ್ಲಿ ನೆಲ ಸದ್ದಿಲ್ಲದೆ ವರ್ಷಕ್ಕೆ ಸುಮಾರು 5 ಮಿಲಿಮೀಟರ್ ಜರುಗುತ್ತೆ. 20 ವರ್ಷಕ್ಕೆ 10 ಸೆಂಟಿಮೀಟರ್. ಫುಟ್‌ಪಾತಿನ ಅಂಚು ಸೊಟ್ಟಗಾಗೋದು ಇದರಿಂದಲೇ. ಬಿರುಕಿನ ಒಂದು ಬದಿಯಲ್ಲಿ ಥಿಯೋಡೊಲೈಟ್ ಇಟ್ಟು ಆಚೆ ಬದಿಯ ಗುರುತಿನ ಕೋನವನ್ನು ಮತ್ತೆ ಮತ್ತೆ ಅಳೆದೂ ಈ ಜರುಗುವಿಕೆಯನ್ನು ಲೆಕ್ಕ ಹಾಕ್ತಾರೆ. ವಿಧಾನ ಹಳೇದೇ!

ಹಾಗಾಗಿ ನಿಖರವಾದ ಸರ್ವೇಯಲ್ಲಿ ಅಕ್ಷಾಂಶ, ರೇಖಾಂಶದ ಜೊತೆ ಅದು ಯಾವ ಕಾಲದ್ದು ಅಂತಲೂ ಬರೀತಾರೆ. ಇಲ್ಲಿ ‘ಎಲ್ಲಿ’ ಅಂದರೆ ‘ಯಾವಾಗ’ ಅಂತಲೂ ಕೇಳಬೇಕು.

ಮನೆ ಕೊಳ್ಳುವ ಯೋಚನೆಯಿದ್ದರೆ ರಾಜ್ಯ ಸರ್ಕಾರದ ಸ್ತರಭಂಗ ವಲಯಗಳ ನಕ್ಷೆಯನ್ನು ಒಮ್ಮೆ ನೋಡಿ. ಮನೆ ಆ ವಲಯದಲ್ಲಿದ್ದರೆ ಮಾರುವವರು ಅದನ್ನು ತಿಳಿಸಲೇಬೇಕು, 1972ರ ಆಲ್ಕ್ವಿಸ್ಟ್-ಪ್ರಿಯೋಲೊ ಕಾನೂನು ಹಾಗನ್ನುತ್ತೆ. ಮುಂದಿನ ಕಂತಿನಲ್ಲಿ ಸಿಗೋಣ.