ಮಣ್ಣಿನ ಮೂಟೆ ಮತ್ತು ರಿವರ್ಸ್ ಗಿಯರ್ ಇಲ್ಲದ ಕಾರು

ಮೈಸೂರಿನ ಓದುಗರೊಬ್ಬರು ಕೇಳಿದ್ದಾರೆ: “ಹೋದ ವರ್ಷ ಹೈಬ್ರಿಡ್ ಕಾರು ಕೊಂಡೆವು. ಮನೆಯಲ್ಲಿ ಎಲ್ಲರಿಗೂ ತಾರಸಿ ತೋಟದ ಹುಚ್ಚು. ನರ್ಸರಿಯ ಕೆಮ್ಮಣ್ಣು, ಗೊಬ್ಬರ, ಕುಂಡ, ಕೆಲವು ಸಲ ಸಿಮೆಂಟು ಮೂಟೆ ಕೂಡ ಡಿಕ್ಕಿಗೆ ಬೀಳುತ್ತವೆ. ‘ಇದು ಬ್ಯಾಟರಿ ಕಾರು, ಇಷ್ಟು ಭಾರ ಹೇರಿದರೆ ಬ್ಯಾಟರಿ ಸುಟ್ಟುಹೋಗುತ್ತೆ’ ಅಂತ ಪಕ್ಕದ ಮನೆಯವರು ಹೆದರಿಸ್ತಾರೆ. ನಿಜವೇ?”

ಸುಳ್ಳು. ಆದರೆ ಹೆದರಬೇಕಾದ ಜಾಗ ಬೇರೊಂದಿದೆ, ಅದರ ಬಗ್ಗೆ ಪಕ್ಕದ ಮನೆಯವರೂ ಹೇಳುವುದಿಲ್ಲ, ಕಾರು ಮಾರಿದವರೂ ಹೇಳುವುದಿಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಈ ‘ಬ್ಯಾಟರಿ ಕಾರು’ ಎಂಬ ಮಾತು. ಪ್ಲಗ್ ಇಲ್ಲದ ಹೈಬ್ರಿಡ್ ಕಾರು ಅಪ್ಪಟ ಪೆಟ್ರೋಲ್ ಕಾರೇ. ಅದರೊಳಗಿನ ಒಂದೊಂದು ಎಲೆಕ್ಟ್ರಾನಿನ ಓಡಾಟಕ್ಕೂ ಮೂಲದಲ್ಲಿ ದುಡ್ಡು ಕೊಟ್ಟದ್ದು ಪೆಟ್ರೋಲ್ ಬಂಕಿನಲ್ಲಿ. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈರೈಡರ್ ಹೈಬ್ರಿಡ್ಡಿನ ಬ್ಯಾಟರಿ ಎಷ್ಟು ದೊಡ್ಡದು ಗೊತ್ತೆ? 0.76 ಕಿಲೋವಾಟ್ ಅವರ್. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್. ಎರಡು ಕಿಲೋವಾಟಿನ ಗೀಸರ್ ಇಪ್ಪತ್ತು ಚಿಲ್ಲರೆ ನಿಮಿಷ ಉರಿದರೆ ಖಾಲಿ. ಮೂಟೆ ಹೊರುವ ಕೂಲಿಯಾಳು ಅದಲ್ಲ. ಇಂಜಿನ್ ದುಡಿದು ಕೊಟ್ಟದ್ದನ್ನೂ ಬ್ರೇಕ್ ಹಾಕಿದಾಗ ಉಳಿದದ್ದನ್ನೂ ಒಂದಷ್ಟು ಹೊತ್ತು ಇಟ್ಟುಕೊಂಡು ವಾಪಸು ಕೊಡುವುದಷ್ಟೇ ಅದರ ಕೆಲಸ. ಎಷ್ಟು ಕರೆಂಟ್ ಒಳಗೆ ಹೋಗಬೇಕು, ಎಷ್ಟು ಹೊರಬರಬೇಕು ಎಂದು ಕಂಪ್ಯೂಟರ್ ಕಾವಲು ಕೂತಿರುತ್ತದೆ. ನೀವು ಡಿಕ್ಕಿಯಲ್ಲಿ ಮಣ್ಣಿಟ್ಟಿರೋ ಮಾವನವರನ್ನು ಕೂರಿಸಿದಿರೋ ಅದಕ್ಕೆ ಗೊತ್ತಾಗುವುದಿಲ್ಲ.

ಭಾರದ ವಿಷಯಕ್ಕೆ ಬಂದರೆ, ನಾಲ್ಕು ಜನ ದೊಡ್ಡವರು ಎಂದರೆ ಹೆಚ್ಚುಕಡಿಮೆ 280 ಕೆಜಿ. ಇಪ್ಪತ್ತೈದು ಕೆಜಿಯ ಹನ್ನೆರಡು ಚೀಲ ಎಂದರೆ 300. ಸಣ್ಣ ಕಾರು ಚಾಲಕನನ್ನೂ ಸೇರಿಸಿ ಸುಮಾರು 400 ಕೆಜಿ ಹೊರುವಂತೆ ಕಟ್ಟಿರುತ್ತಾರೆ. ನಿಮ್ಮ ಕಾರಿನ ಸರಿಯಾದ ಅಂಕಿ ಕೈಪಿಡಿಯಲ್ಲಿದೆ. ಒಬ್ಬರೇ ಹೋಗಿ ಹನ್ನೆರಡು ಚೀಲ ತಂದರೆ ತಕರಾರಿಲ್ಲ. ಚೀಲಗಳ ಜೊತೆ ಅತ್ತೆ, ನಾದಿನಿ, ಇಬ್ಬರು ಮಕ್ಕಳನ್ನೂ ತುಂಬಿಕೊಂಡು ಬಂದರೆ ತಕರಾರು.

ಕಣ್ಣಳತೆ ಇಲ್ಲಿ ಬಹಳ ಮೋಸ ಮಾಡುತ್ತದೆ. ಇಪ್ಪತ್ತು ಲೀಟರಿನ ಹಳೆಯ ಪೇಂಟ್ ಡಬ್ಬದ ತುಂಬ ಎಂ-ಸ್ಯಾಂಡ್ ತುಂಬಿ ನೋಡಿ, 30 ಕೆಜಿ ದಾಟುತ್ತದೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದಿಂಚು ದಪ್ಪದ ಒಂದೇ ಒಂದು ಗ್ರಾನೈಟ್ ಹಾಸುಗಲ್ಲು 50 ಕೆಜಿ, ಅಂದರೆ ಒಂದು ಮೂಟೆ ಸಿಮೆಂಟಿನಷ್ಟು. ಮಳೆಯಲ್ಲಿ ನೆನೆದ ಮಣ್ಣಂತೂ ಅರ್ಧ ನೀರನ್ನೇ ಮಾರಿದ ಹಾಗೆ. ಅದೇ ತೆಂಗಿನ ನಾರಿನ ಪುಡಿಯ ಒಣ ಇಟ್ಟಿಗೆ ಬರುತ್ತದಲ್ಲ, ಕೋಕೋಪೀಟ್, ಅದು 5 ಕೆಜಿ ಇರುತ್ತದೆ. ಮನೆಯಲ್ಲಿ ಬಕೆಟ್ ನೀರು ಸುರಿದರೆ ಉಬ್ಬಿ 70 ಲೀಟರಿನಷ್ಟು ಜಾಗ ತುಂಬುತ್ತದೆ. ಕಲ್ಪತರು ನಾಡು ಎನಿಸಿಕೊಂಡ ತಿಪಟೂರಿನ ಸೀಮೆಯಲ್ಲಿ ಸಿಪ್ಪೆ ಸುಲಿದು ಗುಡ್ಡೆ ಹಾಕುವುದನ್ನು ಕಂಡವರಿಗೆ ಈ ಪುಡಿಯ ಬೆಲೆ ಗೊತ್ತು. ನಲ್ಲಿಯಲ್ಲಿ ಬರುವ ನೀರನ್ನು ನರ್ಸರಿಯಿಂದ ಕಾರಿನಲ್ಲಿ ಏಕೆ ಹೊತ್ತು ತರಬೇಕು?

ಮುಂದಕ್ಕೆ ಓಡಿಸುವಾಗ ಭಾರ ಹೊತ್ತ ಹೈಬ್ರಿಡ್ ಕಾರು ಅದರ ಪೆಟ್ರೋಲ್ ಅಣ್ಣತಮ್ಮಂದಿರಿಗಿಂತ ಹಾಯಾಗಿರುತ್ತದೆ. ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಎಲೆಕ್ಟ್ರಿಕ್ ಮೋಟಾರಿಗೆ ಪೂರ್ಣ ಬಲ ಇರುತ್ತದೆ. ಏರಿನಲ್ಲಿ ಅರ್ಧ ಕ್ಲಚ್ ಹಿಡಿದು, ಸುಟ್ಟ ವಾಸನೆ ಬರಿಸಿ ಮೆಕ್ಯಾನಿಕ್ಕಿನ ಮಗಳ ಮದುವೆಗೆ ಕಾಣಿಕೆ ಕೊಡುವ ಪ್ರಸಂಗವಿಲ್ಲ, ಏಕೆಂದರೆ ಕ್ಲಚ್ಚೇ ಇಲ್ಲ. ಇನ್ನು ಸಿಗ್ನಲ್ ಸಿಗ್ನಲಿಗೆ ನಿಲ್ಲುವ ಊರಿನ ಓಡಾಟ. ಚಾಲಕ ಸೇರಿ 1350 ಕೆಜಿಯ ಕಾರು 50 ಕಿಮೀ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 130 ಕಿಲೋಜೂಲ್. 300 ಕೆಜಿ ಮಣ್ಣು ಸೇರಿದರೆ 159. ಮಾಮೂಲಿ ಕಾರು ಪ್ರತಿ ಕೆಂಪು ದೀಪದಲ್ಲೂ ಇದನ್ನೆಲ್ಲ ಬ್ರೇಕಿನ ಬಿಸಿಯಾಗಿ ಗಾಳಿಗೆ ಚೆಲ್ಲುತ್ತದೆ. ಹೈಬ್ರಿಡ್ ಅದರಲ್ಲೊಂದು ಒಳ್ಳೆಯ ಪಾಲನ್ನು ಕರೆಂಟಾಗಿ ಬಾಚಿಕೊಳ್ಳುತ್ತದೆ. ಭಾರ ಹೊರಿಸಿದ ಸಾಲವನ್ನು ಭಾರವೇ ಕಂತು ಕಂತಾಗಿ ತೀರಿಸುತ್ತದೆ. ಷರತ್ತೊಂದೇ: ಬ್ರೇಕನ್ನು ದೂರದಿಂದಲೇ ಮೆತ್ತಗೆ ಒತ್ತಬೇಕು. ಗಕ್ಕನೆ ಒತ್ತಿದರೆ ಬ್ಯಾಟರಿಗೆ ಅಷ್ಟು ಬೇಗ ನುಂಗಲಾಗದೆ ಮಾಮೂಲಿ ಬ್ರೇಕೇ ಕೆಲಸಕ್ಕಿಳಿಯುತ್ತದೆ.

ಈಗ ನಾನು ಇಷ್ಟು ಹೊತ್ತು ಅದುಮಿಟ್ಟುಕೊಂಡಿದ್ದ ವಿಷಯ.

1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಪ್ರಿಯಸ್ ಕಾರಿನ ಹೊಟ್ಟೆಯಲ್ಲಿ ಗಿಯರ್ ಬಾಕ್ಸಿನ ಬದಲು ಒಂದು ಗ್ರಹಚಕ್ರ ಇತ್ತು. ನಡುವೆ ಸೂರ್ಯ ಗಿಯರ್, ಅದರ ಸುತ್ತ ಉರುಳುವ ಗ್ರಹ ಗಿಯರುಗಳು, ಎಲ್ಲವನ್ನೂ ಸುತ್ತುವರಿದ ಉಂಗುರ ಗಿಯರ್. ಇಂಜಿನ್ ತಿರುಗಿಸುವುದು ಗ್ರಹಗಳನ್ನು ಹೊತ್ತ ಚೌಕಟ್ಟನ್ನು. ಸೂರ್ಯನಿಗೆ ಜನರೇಟರ್ ಕಟ್ಟಿದೆ. ಉಂಗುರಕ್ಕೆ ದೊಡ್ಡ ಮೋಟಾರ್, ಮತ್ತು ಅದರ ಮೂಲಕ ಚಕ್ರಗಳು. ಸೂರ್ಯನಿಗೆ 30 ಹಲ್ಲು, ಉಂಗುರಕ್ಕೆ 78. ಹಾಗಾಗಿ ಇಂಜಿನ್ನಿನ ತಿರುಚುಬಲವನ್ನು 108 ಪಾಲು ಮಾಡಿದರೆ ಯಾವಾಗಲೂ 78 ಪಾಲು ಚಕ್ರದ ಕಡೆಗೆ, 30 ಪಾಲು ಜನರೇಟರಿನ ಕಡೆಗೆ. ವೇಗ ಎಷ್ಟೇ ಇರಲಿ, ಹಂಚಿಕೆ ಬದಲಾಗದು. 108 ಎಂಬ ಸಂಖ್ಯೆ ಕಂಡ ಕೂಡಲೇ ಕೈಮುಗಿಯಬೇಡಿ, ಅದು ಬರಿಯ ಕಾಕತಾಳೀಯ. ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ನವಗ್ರಹಗಳನ್ನು ಒಲಿಸುವವರಿಗೆ ಒಂದು ಮಾತು: ಕಾರಿನ ಗ್ರಹಚಾರ ನಿರ್ಧರಿಸುವ ಗ್ರಹಗಳು ಬಾನೆಟ್ಟಿನ ಕೆಳಗೆ, ಎಣ್ಣೆಯಲ್ಲಿ ಮುಳುಗಿ ಕೂತಿವೆ.

ಇಂದಿನ ಹೈರೈಡರ್ ಕೂಡ ಇದೇ ವಂಶದ್ದು. ಈ ವಂಶದಲ್ಲಿ ರಿವರ್ಸ್ ಗಿಯರ್ ಎಂಬ ವಸ್ತುವೇ ಇಲ್ಲ. ‘ಆರ್’ ಎಂಬಲ್ಲಿಗೆ ಸನ್ನೆ ತಳ್ಳಿದರೆ ಒಳಗೆ ಯಾವ ಹಲ್ಲೂ ಯಾವ ಹಲ್ಲಿಗೂ ಹೊಸದಾಗಿ ಕೂಡಿಕೊಳ್ಳುವುದಿಲ್ಲ. ಎಲೆಕ್ಟ್ರಿಕ್ ಮೋಟಾರು ಉಲ್ಟಾ ತಿರುಗುತ್ತದೆ, ಅಷ್ಟೇ. ಇಂಜಿನ್ ಒಂದೇ ದಿಕ್ಕಿಗೆ ತಿರುಗಬಲ್ಲದು, ಆದ್ದರಿಂದ ಹಿಂದಕ್ಕೆ ಹೋಗಲು ಅದು ಸಹಾಯ ಮಾಡಲಾರದು. ಇಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಬ್ಯಾಟರಿ ಇಳಿದಿದ್ದರೆ ಕರೆಂಟಿಗಾಗಿ ಇಂಜಿನ್ ಶುರುವಾಗುತ್ತದೆ. ಶುರುವಾದ ಕೂಡಲೇ ಆ 78 ಪಾಲಿನ ಕರಾರು ಜಾರಿಗೆ ಬರುತ್ತದೆ. ಜನರೇಟರನ್ನು ತಿರುಗಿಸಬೇಕಾದರೆ ಉಂಗುರವನ್ನೂ ತಳ್ಳಲೇಬೇಕು, ಅದೂ ಮುಂದಕ್ಕೆ! ಅಂದರೆ ಏರಿನಲ್ಲಿ ಹಿಂದಕ್ಕೆ ಹತ್ತುವ ಮೋಟಾರು ಗುರುತ್ವದ ಜೊತೆ ಮಾತ್ರವಲ್ಲ, ತನ್ನದೇ ಕಾರಿನ ಇಂಜಿನ್ ಜೊತೆಗೂ ಸೆಣಸಬೇಕು.

ಇದರ ಸೊಗಸು ಪೂರ್ತಿ ಗೊತ್ತಾಗಲು 1908ಕ್ಕೆ ಹೋಗಬೇಕು. ಆ ವರ್ಷ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲೂ ಇದ್ದದ್ದು ಗ್ರಹಚಕ್ರ ಗಿಯರೇ. ಅದರ ಪೆಟ್ರೋಲ್ ಟ್ಯಾಂಕು ಸೀಟಿನ ಅಡಿಯಲ್ಲಿ, ಪಂಪ್ ಇಲ್ಲ, ತಾನಾಗಿ ಹರಿದು ಇಂಜಿನ್ನಿಗೆ ಬರಬೇಕು. ಕಡಿದಾದ ಏರಿನಲ್ಲಿ ಮೂತಿ ಮೇಲೆದ್ದರೆ ಪೆಟ್ರೋಲ್ ಹರಿಯುವುದು ನಿಂತು ಕಾರೂ ನಿಲ್ಲುತ್ತಿತ್ತು. ಅಮೆರಿಕದ ರೈತರು ಏನು ಮಾಡುತ್ತಿದ್ದರೆಂದರೆ, ಕಾರನ್ನು ತಿರುಗಿಸಿ ಬೆನ್ನು ಮುಂದೆ ಮಾಡಿ ಗುಡ್ಡ ಹತ್ತಿಸುತ್ತಿದ್ದರು. ಮುಂದಿನ ಕೆಳ ಗಿಯರಿನ ಅನುಪಾತ 2.75 ಆದರೆ ರಿವರ್ಸಿನದು 4. ಹಾಗಾಗಿ ಆ ಕಾರಿನ ಅತ್ಯಂತ ಬಲಶಾಲಿ ಗಿಯರ್ ಎಂದರೆ ರಿವರ್ಸೇ. ಅದೇ ಜಾತಿಯ ಗಿಯರು, ನೂರು ವರ್ಷ ಕಳೆಯುವುದರೊಳಗೆ, ಹಿಂದಕ್ಕೆ ಹತ್ತುವುದೆಂದರೆ ಬೆವರುವ ಕಾರನ್ನು ಹುಟ್ಟಿಸಿತು. ತಂತ್ರಜ್ಞಾನದ ಚರಿತ್ರೆಯಲ್ಲಿ ಇಂಥ ಪಲ್ಟಿಗಳು ಸಿಕ್ಕಾಗ ನನಗಂತೂ ಹಬ್ಬ.

ನಮ್ಮ ಬೀದಿಯ ತಿರುವಿನಲ್ಲಿ ರಸ್ತೆಯಿಂದ ಗೇಟಿಗೆ ಏರುವ ಒಂದು ಕಾಂಕ್ರೀಟ್ ರ‍್ಯಾಂಪ್ ಇದೆ. ಡಿಕ್ಕಿ ಮೆಟ್ಟಿಲ ಕಡೆಗಿದ್ದರೆ ಚೀಲ ಇಳಿಸಲು ಸುಲಭ ಎಂದು ಆ ಮನೆಯವರು ಹಿಂದಕ್ಕೇ ಹತ್ತಿಸುತ್ತಾರೆ. ಒಂದು ಸಂಜೆ ಟ್ರಾಫಿಕ್ಕಿನಲ್ಲಿ ಎಸಿ ಹಾಕಿಕೊಂಡು ತೆವಳಿ ಬಂದಿದ್ದರು, ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಎರಡು ಗೆರೆಗೆ ಇಳಿದಿತ್ತು. ರಿವರ್ಸಿಗೆ ಹಾಕಿದರು. ಅರ್ಧ ರ‍್ಯಾಂಪಿನವರೆಗೆ ಸದ್ದಿಲ್ಲದೆ ಹೋಯಿತು. ಅಲ್ಲಿ ಇಂಜಿನ್ ಎದ್ದು ಅರಚತೊಡಗಿತು, ಕಾರು ಮಾತ್ರ ಗೇಣುಗೇಣಾಗಿ ಸರಿದು ನಿಂತೇಬಿಟ್ಟಿತು. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಹೆಚ್ಚು, ಚಲನೆ ಸೊನ್ನೆ. “ಕ್ಲಚ್ ಹೋಗಿದೆ” ಎಂದು ಸುತ್ತ ನಿಂತವರ ತೀರ್ಪು. ಇಲ್ಲದ ಕ್ಲಚ್ ಎಲ್ಲಿಗೆ ಹೋಗುತ್ತದೆ? ಕೆಳಗಿಳಿಸಿ, ತಿರುಗಿಸಿಕೊಂಡು, ಮೂತಿ ಮುಂದೆ ಮಾಡಿದಾಗ ಅದೇ ಭಾರ ಹೊತ್ತು ಸಲೀಸಾಗಿ ಹತ್ತಿತು. ಮುಂದಕ್ಕೆ ಹೋಗುವಾಗ ಇಂಜಿನ್ ಮತ್ತು ಮೋಟಾರು ಒಂದೇ ಪಕ್ಷ.

ಬಲದ ಲೆಕ್ಕವನ್ನೂ ನೋಡಿಬಿಡಿ. ಆರಡಿಗೆ ಒಂದಡಿ ಏರುವ ರ‍್ಯಾಂಪಿನಲ್ಲಿ 1350 ಕೆಜಿಯ ಕಾರನ್ನು ಬೀಳದಂತೆ ಹಿಡಿದಿಡಲು 220 ಕೆಜಿಯಷ್ಟು ಎಳೆತ ಬೇಕು. 300 ಕೆಜಿ ಮಣ್ಣು ಸೇರಿದರೆ 270. ಮಣ್ಣಿನ ಪಾಲು ಬರೀ 50. ಮುಂದಕ್ಕೆ ಹೋಗುವಾಗ ಈ 50 ಲೆಕ್ಕಕ್ಕೇ ಬರುವುದಿಲ್ಲ, ಹಿಂದಕ್ಕೆ ಹೋಗುವಾಗ ಅದೇ ಕೊನೆಯ ಹುಲ್ಲುಕಡ್ಡಿ.

ಹಿಂದಕ್ಕೇ ಹತ್ತಿಸಬೇಕಾದ ಅನಿವಾರ್ಯವಿದ್ದರೆ ಮೊದಲು ಸಮತಟ್ಟು ಜಾಗದಲ್ಲಿ ‘ಪಿ’ಯಲ್ಲಿ ನಿಲ್ಲಿಸಿ ಬ್ಯಾಟರಿ ತುಂಬಲು ಬಿಡಿ. ‘ಎನ್’ನಲ್ಲಿ ನಿಲ್ಲಿಸಿದರೆ ಇಂಜಿನ್ ಓಡುತ್ತಿದ್ದರೂ ಚಾರ್ಜ್ ಆಗದು, ನ್ಯೂಟ್ರಲ್ಲಿನಲ್ಲಿ ಮೋಟಾರು ಜನರೇಟರುಗಳ ಕರೆಂಟ್ ಸಂಬಂಧವನ್ನೇ ಕಂಪ್ಯೂಟರ್ ಕಡಿದಿರುತ್ತದೆ.

ಮೂತಿ ಮುಂದೆ ಮಾಡಿ ಹತ್ತುವುದಕ್ಕೂ ಒಂದು ತೊಡಕಿದೆ ಎಂಬುದನ್ನು ಮುಚ್ಚಿಡಲಾರೆ. ಈ ಕಾರುಗಳಲ್ಲಿ ಸಾಮಾನ್ಯವಾಗಿ ಎಳೆಯುವುದು ಮುಂದಿನ ಚಕ್ರ. ಡಿಕ್ಕಿಯ ತುದಿಯಲ್ಲಿ ಕಲ್ಲು ಪೇರಿಸಿದರೆ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದ ರ‍್ಯಾಂಪಿನ ಮೇಲೆ ಅದು ಗಿರ್ರನೆ ತಿರುಗಿ ಅಲ್ಲೇ ನಿಲ್ಲುತ್ತದೆ. ಹಿಂದಕ್ಕೆ ಹತ್ತುವಾಗ ಹಿಡಿತ ಇರುತ್ತದೆ, ಬಲ ಇರುವುದಿಲ್ಲ. ಮುಂದಕ್ಕೆ ಹತ್ತುವಾಗ ಬಲ ಇರುತ್ತದೆ, ಹಿಡಿತ ಇರುವುದಿಲ್ಲ. ಹಾಗಾಗಿ ಸಿಮೆಂಟು, ಕಲ್ಲುಗಳನ್ನು ಮುಂದಿನ ಸೀಟಿನ ಬೆನ್ನಿಗೆ, ಹಿಂದಿನವರು ಕಾಲಿಡುವ ಜಾಗದಲ್ಲಿ ಇಳಿಸಿ. ಕೋಕೋಪೀಟು, ಖಾಲಿ ಕುಂಡ ಡಿಕ್ಕಿಗೆ ಹೋಗಲಿ. ಡಿಕ್ಕಿಯೂ ದೊಡ್ಡದೇನಲ್ಲ. ಬ್ಯಾಟರಿಯನ್ನು ಹಿಂದೆ ಕೂರಿಸಿದ್ದರಿಂದ ಹೋಂಡಾ ಸಿಟಿಯ ಪೆಟ್ರೋಲ್ ಮಾದರಿಯ 506 ಲೀಟರಿನ ಡಿಕ್ಕಿ ಹೈಬ್ರಿಡ್ಡಿನಲ್ಲಿ 306ಕ್ಕೆ ಇಳಿಯಿತು.

ಪಕ್ಕದ ಮನೆಯವರ ಬ್ಯಾಟರಿ ಭಯದಲ್ಲಿ ಒಂದು ಎಳೆ ಸತ್ಯ ಇರುವುದು ಇಲ್ಲೇ, ಆದರೆ ಕಾರಣ ಭಾರವಲ್ಲ, ಧೂಳು. ಅನೇಕ ಹೈಬ್ರಿಡ್ ಕಾರುಗಳ ಬ್ಯಾಟರಿ ತಣ್ಣಗಿರಲು ಕಾರಿನೊಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಹಿಂದಿನ ಸೀಟಿನ ಬದಿಯಲ್ಲೋ ಕೆಳಗೋ ಸಣ್ಣ ಜಾಲರಿ ಕಾಣುತ್ತದೆ, ಒಳಗೆ ಒಂದು ಫ್ಯಾನ್. ಅದಕ್ಕೆ ಗೊಬ್ಬರದ ಚೀಲ ಒರಗಿಸಿಟ್ಟರೆ ಉಸಿರು ಕಟ್ಟುತ್ತದೆ. ಹರಿದ ಚೀಲದ ಮಣ್ಣಿನ ಪುಡಿ ಒಳಹೊಕ್ಕರೆ ಸೋಸುಪಟ್ಟಿ ಕಟ್ಟಿಕೊಳ್ಳುತ್ತದೆ, ಬ್ಯಾಟರಿ ಕಾಯುತ್ತದೆ. ಆಗತಾನೆ ನೀರುಣಿಸಿದ ಗಿಡಗಳನ್ನಂತೂ ಆ ಜಾಲರಿಯ ಹತ್ತಿರ ಇಡಲೇಬಾರದು. ಚೀಲದ ಕೆಳಗೊಂದು ಟಾರ್ಪಾಲು, ಜಾಲರಿಯ ಮುಂದೆ ಒಂದು ಗೇಣು ಖಾಲಿ ಜಾಗ ಇರಲಿ.

ಆಯುಧಪೂಜೆಯ ದಿನ ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟು ಹಿಚುಕುವವರಲ್ಲಿ ಎಷ್ಟು ಮಂದಿ ಅದೇ ಚಕ್ರಗಳ ಗಾಳಿ ನೋಡಿರುತ್ತಾರೋ! ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಚೀಟಿ ಅಂಟಿಸಿರುತ್ತಾರೆ. ಹಲವು ಕಾರುಗಳಲ್ಲಿ ಭಾರವಿದ್ದಾಗ ಎಷ್ಟು, ಇಲ್ಲದಾಗ ಎಷ್ಟು ಎಂದು ಬೇರೆಬೇರೆ ಅಂಕಿ ಇರುತ್ತದೆ. ನರ್ಸರಿಗೆ ಹೊರಡುವ ಮುನ್ನ ಗಾಳಿ ತುಂಬಿಸಿದರೆ ಮೈಲೇಜೂ ಉಳಿಯುತ್ತದೆ, ಟೈರೂ ಉಳಿಯುತ್ತದೆ. ನಿಂಬೆಹಣ್ಣು ಪಾನಕಕ್ಕೆ ಉಳಿಯುತ್ತದೆ.

ಇನ್ನು ಘಟ್ಟ ಇಳಿಯುವವರಿಗೆ. ತೀರ್ಥಹಳ್ಳಿ ಕಡೆಯಿಂದ ಗಿಡ, ಗೊಬ್ಬರ ತುಂಬಿಕೊಂಡು ಆಗುಂಬೆಯ 14 ತಿರುವು ಇಳಿದು ಉಡುಪಿ ಸೇರುವಿರಿ ಎಂದಿಟ್ಟುಕೊಳ್ಳಿ. ಹೇರಿದ ಭಾರವೂ ಸೇರಿ 1650 ಕೆಜಿಯ ಕಾರು ಅರ್ಧ ಕಿಲೋಮೀಟರ್ ಎತ್ತರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು ಎರಡೂಕಾಲು ಯೂನಿಟ್. ಬ್ಯಾಟರಿ ಹಿಡಿಯುವುದು ಮುಕ್ಕಾಲು, ಅದರಲ್ಲೂ ಅರ್ಧ ಮೊದಲೇ ತುಂಬಿರುತ್ತದೆ. ಕೆಲವು ತಿರುವು ದಾಟುವಷ್ಟರಲ್ಲಿ ಅದು ಭರ್ತಿ. ಆಮೇಲಿನದ್ದನ್ನೆಲ್ಲ ಬ್ರೇಕೇ ಕುಡಿಯಬೇಕಾಗದಿರಲಿ ಎಂದು ಸನ್ನೆಯಲ್ಲಿ ‘ಬಿ’ ಎಂಬ ಸ್ಥಾನ ಕೊಟ್ಟಿದ್ದಾರೆ. ಹೆಚ್ಚಿನವರು ಅದನ್ನು ಮುಟ್ಟಿಯೂ ನೋಡಿರುವುದಿಲ್ಲ. ಅದಕ್ಕೆ ಹಾಕಿದರೆ ಇಳಿಯುವ ಶಕ್ತಿಯಲ್ಲೊಂದು ಪಾಲು ಇಂಜಿನ್ನನ್ನೇ ಗರಗರ ತಿರುಗಿಸಿ ಖರ್ಚಾಗುತ್ತದೆ. ಸದ್ದು ಕೇಳಿ ಹಿಂದೆ ಕೂತವರು ಗಾಬರಿಯಾಗಿ “ಪೆಟ್ರೋಲ್ ಕುಡೀತಿದೆ, ನಿಲ್ಸಿ” ಎನ್ನುವುದುಂಟು. ಆ ಹೊತ್ತಿನಲ್ಲಿ ಇಂಜಿನ್ನಿನೊಳಗೆ ಓಡಾಡುತ್ತಿರುವುದು ಬರಿಯ ಗಾಳಿ.