ಕೆ. ಜಿ. ಎಫ್. — ಮೊದಲನೆಯ ಭಾಗವೂ ಎರಡನೆಯ ಭಾಗವೂ

ಪ್ರಶಾಂತ್ ನೀಲ್ ಅವರು ನಿರ್ದೇಶಿಸಿದ ‘ಕೆ. ಜಿ. ಎಫ್.’ ಎಂಬ ಚಲಚ್ಚಿತ್ರದ ಮೊದಲನೆಯ ಭಾಗವು 2018ನೆಯ ಇಸವಿ ಡಿಸೆಂಬರಿನಲ್ಲಿಯೂ, ಎರಡನೆಯ ಭಾಗವು 2022ನೆಯ ಇಸವಿ ಏಪ್ರಿಲಿನಲ್ಲಿಯೂ ತೆರೆಗೆ ಬಂದುವು. ಎರಡನೆಯದರ ಗಳಿಕೆಯು ಸಾವಿರ ಕೋಟಿ ರೂಪಾಯಿಗಳನ್ನು ಮೀರಿತು. ಅದಕ್ಕೆ ಮುಂಚೆ ಕನ್ನಡದ ಯಾವ ಚಿತ್ರವೂ ಅಷ್ಟು ಹಣವನ್ನು ಕಂಡಿರಲಿಲ್ಲ. ಹಣದ ಲೆಕ್ಕದಲ್ಲಿ ತಮ್ಮನು ಅಣ್ಣನನ್ನು ಮೀರಿಸಿದನೆಂಬುದು ನಿಜ. ಕಥೆಯ ಲೆಕ್ಕದಲ್ಲಿಯೂ ಹಾಗೆಂದು ಹೇಳಲು ನಮಗೆ ಮನಸ್ಸು ಬಾರದು.

ಕಥೆಯ ಬೀಜವು ಗೃಹಸ್ಥರೆಲ್ಲರಿಗೂ ಒಡನೆಯೇ ಮುಟ್ಟತಕ್ಕದ್ದು. ಬಡತನದಲ್ಲಿ ಸಾಯುತ್ತಿರುವ ತಾಯಿಯೊಬ್ಬಳು, ಸಾಯುವ ಕಾಲಕ್ಕೆ ನೀನು ಐಶ್ವರ್ಯವಂತನಾಗಿರಬೇಕೆಂದು ಮಗನಿಂದ ಮಾತು ತೆಗೆದುಕೊಳ್ಳುತ್ತಾಳೆ. ಹೇಗೆ ಬಾಳಬೇಕೆಂಬುದನ್ನು ಆಕೆ ವಿಧಿಸುವುದಿಲ್ಲ. ಹುಡುಗನು ಮುಂಬಯಿಗೆ ಹೋಗಿ ಪಾತಕಿಗಳ ಆಳಾಗುತ್ತಾನೆ. ಗರುಡನೆಂಬ ಕ್ರೂರ ಒಡೆಯನನ್ನು ಕೊಲ್ಲುವುದಕ್ಕಾಗಿ ನರಾಚಿಯೆಂಬ ಚಿನ್ನದ ಗಣಿಯೊಳಕ್ಕೆ ಕೂಲಿಯವನ ವೇಷದಿಂದ ನುಗ್ಗುತ್ತಾನೆ.

ಮೊದಲನೆಯ ಭಾಗದ ಬಲವೆಲ್ಲವೂ ಈ ವೇಷದಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ನಾಯಕನು ಸುಮ್ಮನಿರುತ್ತಾನೆ. ಕಣ್ಣೆದುರಿನ ಅನ್ಯಾಯವನ್ನು ನುಂಗಿಕೊಂಡು ಮಣ್ಣು ಹೊರುತ್ತಾನೆ. ಅವನೊಡನೆ ನಾವೂ ಹೊರುತ್ತೇವೆ. ಕುರುಡ ಮುದುಕನೊಬ್ಬನ ಪ್ರಾಣಕ್ಕೆ ಕುತ್ತು ಬಂದಾಗ ಆ ಮೌನವು ಒಡೆಯುವ ಸನ್ನಿವೇಶವನ್ನು ನೋಡಿದವರು ಬೇಗನೆ ಮರೆಯಲಾರರು. ಭುವನ್ ಗೌಡರ ಛಾಯಾಗ್ರಹಣದಲ್ಲಿ ಗಣಿಯೆಲ್ಲವೂ ಮಸಿ ಬಳಿದ ಒಲೆಯ ಬಾಯಿಯಂತೆ ಕಪ್ಪಾಗಿದೆ. ಬೆಂಕಿಯ ಬೆಳಕು ಬಿದ್ದಲ್ಲಿ ಮಾತ್ರ ಮನುಷ್ಯರ ಮುಖ ಕಾಣುತ್ತದೆ. ಅನಂತನಾಗ್ ಅವರು ನಿಧಾನವಾದ ದನಿಯಲ್ಲಿ ಕಥೆ ಹೇಳುತ್ತ ಹೋದಂತೆ, ಇದು ನಡೆದದ್ದೋ ಕಟ್ಟಿದ್ದೋ ಎಂಬ ಭ್ರಮೆ ಹುಟ್ಟುತ್ತದೆ.

ಕಟ್ಟಿದ್ದೇ ಸರಿ. ಚಿತ್ರದ ಗಣಿಯ ದೃಶ್ಯಗಳನ್ನು ಕೋಲಾರದ ಚಿನ್ನದ ಗಣಿಗಳ ಸಯನೈಡ್ ದಿಬ್ಬಗಳ ಮೇಲೆ ತೆಗೆದರಾದರೂ, ನರಾಚಿಯೂ ಅದರ ಗುಲಾಮರೂ ಕಲ್ಪನೆಯವರು. ನಿಜವಾದ ಗಣಿಯನ್ನು 1880ರಿಂದ ಜಾನ್ ಟೇಲರ್ ಕಂಪೆನಿಯು ನಡೆಯಿಸಿತು, ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಅಲ್ಲಿಗೆ ಬಂದಿತು, 1956ರಲ್ಲಿ ಅದು ಸರ್ಕಾರದ ವಶವಾಯಿತು, 2001ರಲ್ಲಿ ಮುಚ್ಚಿತು. ಮೂರು ಸಾವಿರ ಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿದವರ ಆ ಕಥೆಯನ್ನು ಯಾರಾದರೂ ಚಿತ್ರವಾಗಿಸಿದರೆ ನಾವು ಸಂತೋಷದಿಂದ ನೋಡುವೆವು.

ಎರಡನೆಯ ಭಾಗದಲ್ಲಿ ಗರುಡನು ಸತ್ತಿದ್ದಾನೆ, ನಾಯಕನು ಸಿಂಹಾಸನವೇರಿದ್ದಾನೆ. ತೊಡಕು ಇಲ್ಲಿಯೇ ಆರಂಭವಾಗುವುದು. ಅಡಗಿಕೊಳ್ಳುವುದಕ್ಕೆ ಅವನಿಗೆ ಕಾರಣವುಳಿಯಲಿಲ್ಲ. ಅವನು ಕೈಯೆತ್ತಿದರೆ ಜಯವೆಂಬುದು ನಮಗೆ ಮೊದಲೇ ತಿಳಿದಿರುತ್ತದೆ. ಒಂದು ಚಿನ್ನದ ಗಟ್ಟಿಗಾಗಿ ಪೋಲೀಸು ಠಾಣೆಯನ್ನು ಯಂತ್ರದ ಬಂದೂಕಿನಿಂದ ನುಚ್ಚುನೂರು ಮಾಡುವುದೂ, ಪಾರ್ಲಿಮೆಂಟಿನೊಳಕ್ಕೆ ಹೊಕ್ಕು ಗುಂಡು ಹಾರಿಸುವುದೂ ಕಣ್ಣಿಗೆ ಹಬ್ಬವಾದಾವು. ಎದೆ ಮಾತ್ರ ಬಡಿದುಕೊಳ್ಳದು. ಸಂಜಯ್ ದತ್ತರ ಅಧೀರನು ಭಯಂಕರನಾಗಿಯೇ ಇದ್ದಾನೆ. ಆದರೆ ಗರುಡನ ಭಯವು ಕೂಲಿಗಳ ಕಣ್ಣಿನಲ್ಲಿ ಕಾಣುತ್ತಿತ್ತು, ಇವನದು ವೇಷಭೂಷಣದಲ್ಲಿ. ಮೊದಲು ಹೆಸರೂ ಮುಖವೂ ಇದ್ದ ಗಣಿಯ ಜನ ಇಲ್ಲಿ ಜಯಕಾರ ಹಾಕುವ ಗುಂಪಾಗಿಬಿಟ್ಟರು. ಅಗೆತವಂತೂ ನಿಲ್ಲಲಿಲ್ಲ, ಇನ್ನೂ ಹೆಚ್ಚಿತು. ಬಿಡುಗಡೆ ತಂದವನೇ ಒಡೆಯನಾದನಲ್ಲ ಎಂಬ ಪ್ರಶ್ನೆಯನ್ನು ಚಿತ್ರವು ಕೇಳಲು ಬಾಯಿ ತೆರೆದು, ಕೇಳದೆ ಮುಂದೆ ಸಾಗುತ್ತದೆ. ನಾಯಿಕೆ ರೀನಾಳ ಪಾತ್ರವು ಎರಡರಲ್ಲಿಯೂ ಸೊರಗಿದೆ; ಅದನ್ನು ಕುರಿತು ಹೆಚ್ಚು ಹೇಳುವುದಕ್ಕೇನೂ ಇಲ್ಲ. ಕೊಲೆಗಳು ಎರಡರಲ್ಲಿಯೂ ಲೆಕ್ಕವಿಲ್ಲದಷ್ಟು. ಎಳೆಯ ಮಕ್ಕಳನ್ನು ಕೂರಿಸಿಕೊಂಡು ನೋಡತಕ್ಕವಲ್ಲವೆಂದು ವಾಚಕರಿಗೆ ತಿಳಿಸುವುದು ನಮ್ಮ ಕರ್ತವ್ಯ.

ಆದರೂ ಎರಡನೆಯ ಭಾಗದಲ್ಲಿ ಮೊದಲನೆಯದಕ್ಕಿಲ್ಲದ ಒಂದು ಸತ್ತ್ವವುಂಟು. ಫರ್ಹಾನನೆಂಬ ತರುಣನು ನಾಯಕನಿಗಾಗಿ ಹೋರಾಡಹೋಗಿ ಹೆಣವಾಗಿ ಬರುತ್ತಾನೆ. ಅವನ ತಾಯಿ ಫಾತಿಮಾಳಾಗಿ ಈಶ್ವರಿ ರಾವ್ ಅವರ ಅಭಿನಯವು ಬಹು ಸಂಯಮವುಳ್ಳದ್ದು. ಒಬ್ಬ ತಾಯಿಗೆ ಕೊಟ್ಟ ಮಾತು ಇನ್ನೊಬ್ಬ ತಾಯಿಯ ಮಡಿಲನ್ನು ಬರಿದು ಮಾಡಿತೆಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಮುಖವನ್ನು ನೋಡಿದರೆ ಸಾಕು. ಕಡೆಯಲ್ಲಿ ಅವನು ಚಿನ್ನವನ್ನೆಲ್ಲ ಹಡಗಿಗೆ ತುಂಬಿಕೊಂಡು ಒಬ್ಬನೇ ಕಡಲಿಗೆ ಹೋಗುತ್ತಾನೆ. ಹಡಗು ಮುಳುಗುತ್ತದೆ, ಚಿನ್ನವೂ ಅವನೊಡನೆ ತಳಕ್ಕೆ ಇಳಿಯುತ್ತದೆ. ತಾಯಿ ಬೇಡಿದ್ದು ಅಕ್ಷರಶಃ ನಡೆಯಿತು.